ಡೇಟಾಬೇಸ್ ಸರ್ವರ್‌ಗೆ ರೇಡ್ 5 ಸಾಕಾ, ರೇಡ್ 10 ಬೇಕಾ?

ಪ್ರಶ್ನೆ: ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುವ ಆ್ಯಪ್ ನಮ್ಮದು. ಪೋಸ್ಟ್‌ಗ್ರೆಸ್ ಡೇಟಾಬೇಸ್, ಸುಮಾರು 300 ಜಿಬಿ ಇದೆ. ಹೊಸ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಇವೆ, ಎಲ್ಲಾ 7200 ಆರ್‌ಪಿಎಂ. ನಾಲ್ಕನ್ನೂ ಒಂದೇ ಡಿಸ್ಕ್‌ನಂತೆ ಜೋಡಿಸುವ ರೇಡ್‌ನಲ್ಲಿ, ರೇಡ್ 5 ಮಾಡಿದರೆ 12 ಟಿಬಿ ಸಿಗುತ್ತದೆ, ರೇಡ್ 10 ಮಾಡಿದರೆ ಬರೀ 8. ಯಾವುದು ಒಳ್ಳೆಯದು? ಲಾಗ್‌ಗೆ ಬೇರೆ ಡಿಸ್ಕ್ ಬೇಕಾ? ಬ್ಯಾಟರಿ ಇರುವ ರೇಡ್ ಕಾರ್ಡ್ ತಗೊಳ್ಳಿ ಅಂತಲೂ ಹೇಳುತ್ತಾರೆ, ಅದು ನಿಜಕ್ಕೂ ಬೇಕಾ?

ಉತ್ತರ: ರೇಡ್ 5 ಬೇಡ. ಇರುವುದು 300 ಜಿಬಿ, 12 ಟಿಬಿ ಇಟ್ಟುಕೊಂಡು ಏನು ಮಾಡುತ್ತೀರಿ? ಡೇಟಾಬೇಸ್‌ಗೆ ಡಿಸ್ಕ್ ಆರಿಸುವಾಗ ಜಾಗದ ಲೆಕ್ಕ ಕೊನೆಗೆ ಬರಬೇಕು. ಮೊದಲು ಕೇಳಬೇಕಾದ್ದು ಎರಡೇ: ಒಂದು ಸೆಕೆಂಡಿಗೆ ಎಷ್ಟು ಚಿಕ್ಕ ಚಿಕ್ಕ ರೈಟ್ (ಬರೆಯುವ ಕೆಲಸ) ತಾಳುತ್ತದೆ, ಮತ್ತು ಕಮಿಟ್ ಆಯಿತು, ಅಂದರೆ ಬದಲಾವಣೆ ಪಕ್ಕಾ ಆಯಿತು ಅಂತ ಹೇಳಿದ ಮೇಲೆ ಕರೆಂಟ್ ಹೋದರೆ ಆ ಡೇಟಾ ಉಳಿಯುತ್ತದಾ.

ಮೊದಲನೆಯದರ ಲೆಕ್ಕ ನೋಡಿ. 7200 ಆರ್‌ಪಿಎಂ ಡಿಸ್ಕ್ ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ 80 ರ‍್ಯಾಂಡಮ್ ಆಪರೇಷನ್ ಮಾಡುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕು ಸೇರಿದರೆ 320. ರೇಡ್ 10ರಲ್ಲಿ ಒಂದು ರೈಟ್ ಎರಡು ಕಡೆ ಹೋಗಬೇಕು, ಹಾಗಾಗಿ ನಿಮಗೆ ಸಿಗುವುದು 160. ರೇಡ್ 5ರಲ್ಲಿ ಪೋಸ್ಟ್‌ಗ್ರೆಸ್ ಒಂದು 8 ಕೆಬಿ ಪೇಜ್ ಬರೆದರೆ ಸಾಕು, ಹಳೆಯ ಡೇಟಾ ಓದಬೇಕು, ಹಳೆಯ ಪ್ಯಾರಿಟಿ (ಒಂದು ಡಿಸ್ಕ್ ಹೋದರೆ ಅದರ ಡೇಟಾ ಮತ್ತೆ ಕಟ್ಟಲು ಇಟ್ಟಿರುವ ಲೆಕ್ಕ) ಓದಬೇಕು, ಆಮೇಲೆ ಹೊಸ ಡೇಟಾ, ಹೊಸ ಪ್ಯಾರಿಟಿ ಎರಡನ್ನೂ ಬರೆಯಬೇಕು. ನಾಲ್ಕು ಕೆಲಸ. 320ನ್ನು 4ರಿಂದ ಭಾಗಿಸಿದರೆ 80. ಅಂದರೆ ನಾಲ್ಕು ಡಿಸ್ಕ್‌ಗೆ ದುಡ್ಡು ಕೊಟ್ಟು ಒಂದು ಡಿಸ್ಕ್‌ನ ವೇಗ ಕೊಂಡ ಹಾಗಾಯಿತು! ಎರಡು ಪ್ಯಾರಿಟಿ ಇರುವ ರೇಡ್ 6 ಆದರೆ ಆರು ಕೆಲಸ, 53ಕ್ಕೆ ಇಳಿಯುತ್ತದೆ.

ಒಂದು ಡಿಸ್ಕ್ ಕೆಟ್ಟಾಗಲೂ ಇದೇ ಕಥೆ. ಬದಲಿಗೆ ಹಾಕಿದ ಹೊಸ ಡಿಸ್ಕ್‌ಗೆ 4 ಟಿಬಿಯನ್ನು ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ ತುಂಬಿಸಲು ಏಳು ಗಂಟೆಗೂ ಜಾಸ್ತಿ ಬೇಕು, ಅದೂ ಬೇರೇನೂ ಕೆಲಸ ಇಲ್ಲದಿದ್ದರೆ. ನಿಮ್ಮಲ್ಲಿ ಆರ್ಡರ್ ಬರುತ್ತಲೇ ಇರುತ್ತವಲ್ಲ, ಇನ್ನೂ ಎಳೆಯುತ್ತದೆ. ರೇಡ್ 10ರಲ್ಲಿ ಅಷ್ಟು ಹೊತ್ತು ಜೋಡಿ ಡಿಸ್ಕ್ ಒಂದನ್ನೇ ಪೂರ್ತಿ ಓದಬೇಕು. ರೇಡ್ 5ರಲ್ಲಿ ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು, ಅದರಲ್ಲಿ ಒಂದು ಕೈಕೊಟ್ಟರೂ ಮುಗೀತು.

ಈಗ ಎರಡನೆಯದು, ಜನ ಜಾಸ್ತಿ ಎಡವುವುದು ಇಲ್ಲೇ. ಪೋಸ್ಟ್‌ಗ್ರೆಸ್ ಪ್ರತಿ ಕಮಿಟ್‌ನಲ್ಲೂ ವಾಲ್ ಲಾಗ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಬರೆದು, ಎಫ್‌ಸಿಂಕ್ (ಡಿಸ್ಕ್‌ಗೆ ನಿಜಕ್ಕೂ ಇಳಿಸು ಅನ್ನುವ ಆಜ್ಞೆ) ಕರೆದು, ಡಿಸ್ಕ್ 'ಬರೆದೆ' ಅನ್ನುವವರೆಗೆ ಕಾಯುತ್ತದೆ. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು. ಲಾಗ್‌ನ ಮುಂದಿನ ತುಂಡು ಬರೆಯಲು ತಟ್ಟೆ ಮತ್ತೆ ಆ ಜಾಗಕ್ಕೆ ತಿರುಗಿ ಬರಬೇಕು, ಹಾಗಾಗಿ ಒಂದು ಕನೆಕ್ಷನ್ ಒಂದಾದ ಮೇಲೊಂದು ಕಮಿಟ್ ಮಾಡಿದರೆ ಸೆಕೆಂಡಿಗೆ ಸುಮಾರು 120 ದಾಟುವ ಹಾಗಿಲ್ಲ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ-ಟೆಸ್ಟ್-ಎಫ್‌ಸಿಂಕ್ ಓಡಿಸಿ ನೋಡಿ. ಬ್ಯಾಟರಿ ಕ್ಯಾಶ್ (ಡೇಟಾವನ್ನು ಸ್ವಲ್ಪ ಹೊತ್ತು ಹಿಡಿದಿಡುವ ಮೆಮೊರಿ) ಇಲ್ಲದ ಹಾರ್ಡ್ ಡಿಸ್ಕ್ ಮೇಲೆ ಸೆಕೆಂಡಿಗೆ 5000 ಅಂತ ತೋರಿಸಿದರೆ ಖುಷಿಪಡಬೇಡಿ. ನಡುವೆ ಯಾವುದೋ ಕ್ಯಾಶ್ ಸುಳ್ಳು ಹೇಳುತ್ತಿದೆ ಅಂತಲೇ ಅರ್ಥ, ಕರೆಂಟ್ ಹೋದ ದಿನ ಅದು ಬಯಲಾಗುತ್ತದೆ.

ಬ್ಯಾಟರಿ ಕಾರ್ಡ್ ಬಂದದ್ದು ಇದಕ್ಕೇ. ಕಾರ್ಡ್ ತನ್ನ ಮೆಮೊರಿಯಲ್ಲಿ ರೈಟ್ ಹಿಡಿದುಕೊಂಡು ತಕ್ಷಣ 'ಆಯಿತು' ಅನ್ನುತ್ತದೆ, ಕರೆಂಟ್ ಹೋದರೂ ಬ್ಯಾಟರಿ ಅದನ್ನು ಕಾಯುತ್ತದೆ. ಹಾರ್ಡ್ ಡಿಸ್ಕ್ ಮೇಲೇ ಡೇಟಾಬೇಸ್ ಇಡುತ್ತೀರಾದರೆ ಅದು ಬೇಕೇ ಬೇಕು, ಲಾಗ್‌ಗೆ ಬೇರೆ ಜೋಡಿ ಡಿಸ್ಕ್ ಕೊಡುವುದಕ್ಕೂ ಅರ್ಥ ಇದೆ. ಆದರೆ ಬ್ಯಾಟರಿ ಹಳೆಯದಾದಾಗ ಎಷ್ಟೋ ಕಾರ್ಡ್‌ಗಳು ಸದ್ದಿಲ್ಲದೆ ರೈಟ್-ಥ್ರೂಗೆ (ಪ್ರತಿ ಸಲ ಡಿಸ್ಕ್ ಬರೆಯುವವರೆಗೆ ಕಾಯುವ ರೀತಿಗೆ) ಇಳಿದುಬಿಡುತ್ತವೆ, ಒಂದು ಬೆಳಿಗ್ಗೆ ಡೇಟಾಬೇಸ್ ಯಾಕೋ ನಿಧಾನ ಅನ್ನಿಸುತ್ತದೆ, ಎಲ್ಲರೂ ಕ್ವೆರಿ ಹುಡುಕುತ್ತಾ ಕೂರುತ್ತಾರೆ. ಇನ್ನೊಂದು, ಕಾರ್ಡ್‌ನ ಬ್ಯಾಟರಿ ಕಾಯುವುದು ಕಾರ್ಡ್‌ನ ಕ್ಯಾಶ್ ಮಾತ್ರ. ಡಿಸ್ಕ್‌ಗಳ ಒಳಗಿನ ರೈಟ್ ಕ್ಯಾಶ್ ಆಫ್ ಮಾಡಿರಬೇಕು.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಕಾರ್ಡ್‌ನ ದುಡ್ಡನ್ನು ಎರಡು ಎಸ್‌ಎಸ್‌ಡಿಗೆ ಹಾಕುತ್ತಿದ್ದೆ. 960 ಜಿಬಿಯವು ಸಾಕು, ಲಿನಕ್ಸ್‌ನ ರೇಡ್ ಸಾಫ್ಟ್‌ವೇರ್ ಎಂಡಿಎಡಿಎಂನಲ್ಲಿ ರೇಡ್ 1, ಅಂದರೆ ಎರಡರಲ್ಲೂ ಒಂದೇ ಡೇಟಾ ಇರುವ ಮಿರರ್. ಒಂದೇ ಷರತ್ತು: ಪವರ್ ಲಾಸ್ ಪ್ರೊಟೆಕ್ಷನ್ ಇರುವ ಸರ್ವರ್ ದರ್ಜೆಯವೇ ಆಗಿರಬೇಕು. ಅವುಗಳಲ್ಲಿ ಕೆಪಾಸಿಟರ್ ಇರುತ್ತದೆ, ಕರೆಂಟ್ ಹೋದರೂ ಕ್ಯಾಶ್‌ನಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಹೊತ್ತು ಸಿಗುತ್ತದೆ, ಅದಕ್ಕೇ ಎಫ್‌ಸಿಂಕ್‌ಗೂ ಬೇಗ ಉತ್ತರ ಕೊಡುತ್ತವೆ. ಲ್ಯಾಪ್‌ಟಾಪ್ ದರ್ಜೆಯ ಎಸ್‌ಎಸ್‌ಡಿ ಡಬ್ಬದ ಮೇಲಿನ ನಂಬರ್ ನೋಡಿ ಮರುಳಾಗಬೇಡಿ, ಎಫ್‌ಸಿಂಕ್ ಶುರುವಾದರೆ ಅದರ ವೇಗ ಎಷ್ಟೋ ಸಲ ಸೆಕೆಂಡಿಗೆ ಕೆಲವು ನೂರಕ್ಕೆ ಬಂದು ನಿಲ್ಲುತ್ತದೆ. 300 ಜಿಬಿ ಡೇಟಾಬೇಸ್‌ಗೆ ಲಾಗ್, ಡೇಟಾ ಎರಡೂ ಇದೇ ಜೋಡಿಯಲ್ಲಿರಲಿ, ಬೇರೆ ಮಾಡುವ ತಲೆನೋವು ಬೇಡ. ಫೈಲ್‌ಸಿಸ್ಟಮ್ ಎಕ್ಸ್‌ಟಿ4 ಆದರೂ ಸರಿ, ಎಕ್ಸ್‌ಎಫ್‌ಎಸ್ ಆದರೂ ಸರಿ.

ಮಿರರ್‌ನಲ್ಲಿರುವ ಎರಡೂ ಎಸ್‌ಎಸ್‌ಡಿ ಒಂದೇ ಸಮ ರೈಟ್ ತಿನ್ನುತ್ತವೆ, ಸವೆಯುವುದೂ ಒಟ್ಟಿಗೇ. ಹಾಗಾಗಿ ಬೇರೆ ಬೇರೆ ಬ್ಯಾಚ್‌ನವು ತಗೊಳ್ಳಿ, ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಸವೆತ ಆಗಾಗ ನೋಡುತ್ತಿರಿ.

ವೇಗ ಇನ್ನೂ ಸಾಲದು ಅಂತ ಯಾರಾದರೂ ಸೆಟ್ಟಿಂಗ್‌ನಲ್ಲಿ ಎಫ್‌ಸಿಂಕ್ ಆಫ್ ಮಾಡಿ ಅಂದರೆ ಕೇಳಬೇಡಿ, ಕ್ರ್ಯಾಶ್ ಆದರೆ ಇಡೀ ಡೇಟಾಬೇಸ್ ಕೆಡಬಹುದು. ಸಿಂಕ್ರೊನಸ್ ಕಮಿಟ್ ಆಫ್ ಮಾಡುವುದು (ಕಮಿಟ್‌ನಲ್ಲಿ ಲಾಗ್ ಡಿಸ್ಕ್‌ಗೆ ಇಳಿಯುವವರೆಗೆ ಕಾಯದಿರುವುದು) ಬೇರೆ ಮಾತು: ಕೊನೆಯ ಒಂದಿಷ್ಟು ಕಮಿಟ್ ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ಆರ್ಡರ್ ಟೇಬಲ್‌ಗೆ ಅದೂ ಬೇಡ, ಪೇಜ್ ವ್ಯೂ ಎಣಿಸುವಂಥ ಕೆಲಸಕ್ಕೆ ಸುಮ್ನೆ ಆಫ್ ಮಾಡಿಕೊಳ್ಳಿ.

ಹಾಗಾದರೆ ಆ ನಾಲ್ಕು ಹಾರ್ಡ್ ಡಿಸ್ಕ್? ಬ್ಯಾಕಪ್ ಮತ್ತು ವಾಲ್ ಆರ್ಕೈವ್‌ಗೆ ಇಡಿ. ಅಲ್ಲಿ ರೇಡ್ 6 ಕೂಡ ಚೆನ್ನಾಗಿಯೇ ನಡೆಯುತ್ತದೆ, ಯಾಕಂದರೆ ದೊಡ್ಡ ಫೈಲ್ ಒಂದೇ ಸಮನೆ ಬರೆಯುವಾಗ ಹಳೆಯದನ್ನು ಓದುವ ಕೆಲಸ ಬಹುತೇಕ ಇರುವುದಿಲ್ಲ. ಆದರೆ ಸಾಧ್ಯವಾದರೆ ಆ ಡಿಸ್ಕ್‌ಗಳನ್ನು ಬೇರೆ ಯಂತ್ರಕ್ಕೇ ಹಾಕಿ. ಯಾರೋ ಯಾವ ಸಾಲು ಅಂತ ಹೇಳುವ ವೇರ್ ಮರೆತು ಡಿಲೀಟ್ ಹೊಡೆದರೆ ಮಿರರ್ ಅದನ್ನೂ ಎರಡೂ ಕಡೆ ಶ್ರದ್ಧೆಯಿಂದ ಬರೆಯುತ್ತದೆ, ಅಲ್ವಾ? ಅಂಥ ದಿನಕ್ಕೆ ಬೇಕಾಗುವುದು ಬ್ಯಾಕಪ್. ಒಂದು ಸಲ ಪೂರ್ತಿ ರಿಸ್ಟೋರ್ ಮಾಡಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಸರ್ವರ್ ಬಿದ್ದಾಗ ಎಲ್ಲರೂ ನಿಮ್ಮನ್ನು ಮೊದಲು ಕೇಳುವುದು ಅದನ್ನೇ.