ಸಿನಿಮಾ ಪ್ರಶ್ನೋತ್ತರ: ಕಾದಲಿಕ್ಕ ನೇರಮಿಲ್ಲೈ ನೋಡೋಕೆ ತಮಿಳು ಬರ್ಬೇಕಾ?

ಹೋದ ಸಂಚಿಕೇಲಿ 1964ರ ತಮಿಳು ಸಿನಿಮಾ ‘ಕಾದಲಿಕ್ಕ ನೇರಮಿಲ್ಲೈ’ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ, ಅಷ್ಟಕ್ಕೇ ಕಾರವಾರದಿಂದ ಶಿರಸಿವರೆಗೆ ಪತ್ರ ಬಂದಿವೆ. ಖುಷಿಯಾಯ್ತು. ಈ ಸಲ ಅದೊಂದೇ ವಿಷಯ.

ಶಂಕರ್‌ನಾಗ್ ನಮ್ಮ ತಾಲೂಕಿನವ್ರು, ಅವ್ರ ‘ಪ್ರೀತಿ ಮಾಡು ತಮಾಷೆ ನೋಡು’ ನಮ್ಮನೇಲಿ ಎಲ್ರಿಗೂ ಇಷ್ಟ. ಅದು ಇದೇ ತಮಿಳು ಸಿನಿಮಾದ ರೀಮೇಕ್ ಅಂತಾರಲ್ಲ, ಹೌದಾ? (ಹೊನ್ನಾವರದ ಓದುಗರು)

ಹೌದು. ಕನ್ನಡದ್ದು ಬಂದಿದ್ದು 1979ರಲ್ಲಿ, ಶಂಕರ್‌ನಾಗ್ ಜೊತೆ ಶ್ರೀನಾಥ್, ಮಂಜುಳಾ, ಪದ್ಮಪ್ರಿಯ, ದ್ವಾರಕೀಶ್. ನಿರ್ದೇಶಕರು ಸಿ.ವಿ. ರಾಜೇಂದ್ರನ್, ಅವ್ರು ಮೂಲ ಸಿನಿಮಾ ಮಾಡಿದ ಸಿ.ವಿ. ಶ್ರೀಧರ್ ಅವರ ಸಂಬಂಧಿಕರೇ. ಅಷ್ಟೊತ್ತಿಗೆ ಈ ಕತೆ 1965ರಲ್ಲಿ ತೆಲುಗಿಗೆ ಹೋಗಿತ್ತು, 1966ರಲ್ಲಿ ಶ್ರೀಧರ್ ಅವ್ರೇ ಹಿಂದೀಲಿ ‘ಪ್ಯಾರ್ ಕಿಯೇ ಜಾ’ ಅಂತ ಮಾಡಿದ್ರು. ರೀಮೇಕ್ ಅಂತ ಬೇಜಾರು ಮಾಡ್ಕೋಬೇಡಿ. ನಂಗೆ ಇದ್ರಲ್ಲಿ ಇಷ್ಟ ಆಗೋದೇ ಬೇರೆ, ನೋಡಿ, 1978ರಲ್ಲಿ ನಮ್ಮ ಶಿರಸೀಲಿ ಬೆಳೆದ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಸಿನಿಮಾದಲ್ಲಿ ಕತ್ತಿ ಹಿಡಿದು ನಿಂತಿದ್ದ ಹುಡುಗ ಶಂಕರ್‌ನಾಗ್ ಮಾರನೇ ವರ್ಷ ಇಂಥ ಹಗುರವಾದ ಲವ್ ಕಾಮಿಡೀಲೂ ಬರ್ತಾನೆ ಅಂದ್ರೆ ಅವ್ರಿಗೆ ದೊಡ್ಡ ಸಿನಿಮಾ ಸಣ್ಣ ಸಿನಿಮಾ ಅನ್ನೋ ಭೇದ ಇರ್ಲಿಲ್ಲ.

‘ನೇರಮಿಲ್ಲೈ’ ಅಂದ್ರೆ ಏನು? ನೇರವಾಗಿಲ್ಲ ಅಂತಲಾ? (ಕುಮಟಾದಿಂದ ಕಾಲೇಜು ವಿದ್ಯಾರ್ಥಿನಿ)

ಅಲ್ಲಮ್ಮ, ತಮಿಳಲ್ಲಿ ನೇರಂ ಅಂದ್ರೆ ಹೊತ್ತು, ಟೈಮು. ಪ್ರೀತಿ ಮಾಡೋಕೆ ಹೊತ್ತಿಲ್ಲ ಅಂತ ಅರ್ಥ. ಆದ್ರೆ ಸಿನಿಮಾದಲ್ಲಿ ಎಲ್ರಿಗೂ ಅದಕ್ಕೆ ಬೇಕಾದಷ್ಟು ಹೊತ್ತಿದೆ.

ಯೂಟ್ಯೂಬಲ್ಲಿ ‘ಅನುಭವಂ ಪುದುಮೈ’ ಹಾಡು ಹಾಕಿದ್ದೆ, ಅಡುಗೆಮನೇಲಿದ್ದ ಅತ್ತೆ ಇದು ರಾಜ್‌ಕುಮಾರ್ ಹಾಡಲ್ವಾ ಅಂದ್ರು. ಯಾಕೆ ಹಾಗನ್ನಿಸ್ತು? (ಅಂಕೋಲಾದ ಓದುಗರು)

ನಿಮ್ಮತ್ತೆ ಕಿವಿ ಬಹಳ ಚುರುಕಿದೆ. ಅದು ಪಿ.ಬಿ. ಶ್ರೀನಿವಾಸ್ ಮತ್ತೆ ಪಿ. ಸುಶೀಲಾ ಹಾಡಿದ್ದು. ಆ ಕಾಲದಲ್ಲಿ ಅಣ್ಣಾವ್ರ ಹಾಡು ಅಂದ್ರೆ ಪಿ.ಬಿ.ಎಸ್ ದನಿ, ನಮ್ಮ ಕಡೆಯವ್ರಿಗೆ ಆ ದನಿ ಕೇಳಿದ ಕೂಡ್ಲೇ ಅವ್ರ ಮುಖ ಕಣ್ಮುಂದೆ ಬರತ್ತೆ. ಸಂಗೀತ ವಿಶ್ವನಾಥನ್-ರಾಮಮೂರ್ತಿ, ಸಾಹಿತ್ಯ ಕಣ್ಣದಾಸನ್. ಇದೇ ಸಿನಿಮಾದ ‘ವಿಶ್ವನಾಥನ್ ವೇಲೈ ವೇಂಡುಂ’ ಕೂಡ ಹಾಕಿ ಅತ್ತೆಗೆ. ಕೆಲಸ ಕಳ್ಕೊಂಡ ಹುಡುಗ ಧಣಿ ಮನೆ ಮುಂದೆ ಕೂತು, ಧಣಿ ಹೆಸರು ಹಿಡಿದೇ ಕೆಲಸ ಕೊಡಿ ಅಂತ ಹಾಡೋದು.

ಹಳೇದು ಅಂದ ಮಾತ್ರಕ್ಕೆ ಎಲ್ಲಾ ಚೆನ್ನಾಗಿರತ್ತಾ? ಇದ್ರಲ್ಲೂ ಹುಡುಗೀರ ಹಿಂದೆ ಬೀಳೋದು ಇದ್ಯಲ್ಲ. (ಕಾರವಾರ)

ನಿಮ್ಮ ಮಾತು ಸರಿ, ಅದನ್ನ ಮುಚ್ಚಿಡಲ್ಲ. ಶುರುವಲ್ಲಿ ಎಷ್ಟು ಚುರುಕಾಗಿರೋ ಅಕ್ಕ ತಂಗಿ, ಕತೆ ಮುಂದೆ ಹೋದ ಹಾಗೆ ಗಂಡಸ್ರು ಮಾಡೋ ಉಪಾಯಾನೇ ದೊಡ್ಡದಾಗಿ ಇವ್ರು ಬದಿಗೆ ಸರೀತಾರೆ. ನಂಗೆ ಪ್ರತಿ ಸಲ ಅಲ್ಲಿ ಬೇಜಾರಾಗತ್ತೆ.

ನಮ್ಮನೆ ಮಾಣಿ ಮದುವೆಯಾಗಿದ್ದು ಕೊಯಮತ್ತೂರಿನ ಹುಡುಗಿನ. ಸೊಸೆ ಒಳ್ಳೆಯವ್ಳು, ಆದ್ರೆ ಅವ್ಳಿಗೆ ಕನ್ನಡ ಈಗಷ್ಟೇ ಬರ್ತಾ ಇದೆ, ನಮ್ಮ ಆಯಿಗೆ ತಮಿಳು ಒಂದಕ್ಷರ ಬರಲ್ಲ. ಮಳೆಗಾಲದಲ್ಲಿ ಎಲ್ಲಾ ಕೂತು ಈ ಸಿನಿಮಾ ನೋಡೋಣ ಅಂತ ಸೊಸೆ ಹೇಳ್ತಾಳೆ. ಆಯಿಗೆ ಅರ್ಥ ಆಗತ್ತಾ? (ಶಿರಸಿ ಹತ್ರದ ಹಳ್ಳಿಯಿಂದ)

ಖಂಡಿತ ನೋಡಿ. ಮೊದ್ಲು ಕತೆ ಎಳೆ ಮಾತ್ರ ಹೇಳಿಬಿಡಿ ಆಯಿಗೆ. ವಿಶ್ವನಾಥನ್ ಅಂತ ಒಬ್ಬ ಎಸ್ಟೇಟ್ ಧಣಿ, ಪಾತ್ರ ಮಾಡಿದ್ದು ಟಿ.ಎಸ್. ಬಾಲಯ್ಯ. ಅವ್ನಿಗೆ ಇಬ್ರು ಹೆಣ್ಮಕ್ಕಳು, ರಾಜಶ್ರೀ ಮತ್ತೆ ಕಾಂಚನಾ. ಧಣಿಗೆ ಶ್ರೀಮಂತ ಅಳಿಯಂದ್ರೇ ಬೇಕು, ಹಾಗಾಗಿ ಕೆಲಸ ಕಳ್ಕೊಂಡ ಹುಡುಗ ರವಿಚಂದ್ರನ್ ತನ್ನ ಗೆಳೆಯ ಮುತ್ತುರಾಮನ್‌ಗೆ ಮುದುಕನ ವೇಷ ಹಾಕ್ಸಿ ಇವ್ರೇ ನಮ್ಮ ಶ್ರೀಮಂತ ಅಪ್ಪ ಅಂತ ಕರ್ಕೊಂಡು ಬರ್ತಾನೆ, ಆದ್ರೆ ಆ ಗೆಳೆಯ ಪ್ರೀತಿ ಮಾಡ್ತಿರೋದು ಅದೇ ಮನೆಯ ಇನ್ನೊಬ್ಬ ಮಗಳನ್ನ. ಇಷ್ಟು ಗೊತ್ತಿದ್ರೆ ಉಳಿದಿದ್ದು ಕಣ್ಣಿಗೇ ತಿಳಿಯತ್ತೆ.

ಧಣಿಗೆ ಮಗಾನೂ ಒಬ್ಬ ಇದ್ದಾನೆ, ಚೆಲ್ಲಪ್ಪ, ಅಂದ್ರೆ ನಾಗೇಶ್. ಅವ್ನಿಗೆ ‘ಓಹೋ ಪ್ರೊಡಕ್ಷನ್ಸ್’ ಅಂತ ಕಂಪನಿ ಕಟ್ಟಿ ಸಿನಿಮಾ ತೆಗೀಬೇಕು ಅನ್ನೋ ಹುಚ್ಚು. ಒಂದು ಸೀನಲ್ಲಿ ಅಪ್ಪನ್ನ ಕೂರ್ಸಿ ದೆವ್ವದ ಕತೆ ಹೇಳ್ತಾನೆ, ಸದ್ದೆಲ್ಲಾ ಬಾಯಲ್ಲೇ ಮಾಡ್ತಾನೆ. ನಾನು ಮೊದ್ಲು ಇದನ್ನ ನೋಡಿದ್ದು ಹೊನ್ನಾವರದ ಮಾವನ ಮನೇಲಿ ಸೀಡಿ ಹಾಕಿ, ಆಗ ನಂಗೂ ತಮಿಳು ಬರ್ತಿರ್ಲಿಲ್ಲ, ಆದ್ರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ, ನಾಗೇಶ್ ನೋಡಿ ನಗ್ತಿದೀನಿ ಅಂತಾನೇ ಅಂದ್ಕೊಂಡಿದ್ದೆ. ಎರಡನೇ ಸಲ ನೋಡ್ದಾಗ ತಿಳೀತು, ನಗು ಬರಿಸ್ತಿರೋದು ಬಾಲಯ್ಯ. ಅವ್ರು ಏನೂ ಮಾಡಲ್ಲ, ಕೂತು ಕೇಳ್ತಾರೆ ಅಷ್ಟೇ, ಆದ್ರೆ ನಿಜವಾಗ್ಲೂ ಹೆದರ್ತಾರೆ, ದೊಡ್ಡ ಧಣಿ ಮುಖದಲ್ಲಿ ಸಣ್ಣ ಮಗು ಕಾಣತ್ತೆ. ನಮ್ಮಲ್ಲಿ ಆಟ, ಅಂದ್ರೆ ಯಕ್ಷಗಾನ, ನೋಡಿದವ್ರಿಗೆ ಇದು ಗೊತ್ತೇ ಇರತ್ತೆ, ಹಾಸ್ಯಗಾರ ಎಷ್ಟೇ ಚಂದ ಮಾಡ್ಲಿ, ಎದುರಿಗಿರೋ ರಾಜವೇಷದವ್ರು ಗತ್ತು ಬಿಟ್ಟು ತಾವೂ ನಕ್ಕುಬಿಟ್ರೆ ಹಾಸ್ಯ ಅಲ್ಲೇ ಮುಗೀತು. ನಿಮ್ಮ ಆಯಿ ಎಷ್ಟು ಆಟ ನೋಡಿರ್ತಾರೋ, ಅವ್ರಿಗೆ ಈ ಸೀನ್ ಅರ್ಥ ಆಗೋಕೆ ಭಾಷೆ ಬೇಕಾಗಿಲ್ಲ. ಹಿಂದೀಲಿ ಇದೇ ಸೀನನ್ನ ಮೆಹಮೂದ್ ಮತ್ತೆ ಓಂ ಪ್ರಕಾಶ್ ಮಾಡಿದ್ರು, ಅದೂ ಬಹಳ ಹೆಸರಾಯ್ತು, ಆದ್ರೆ ನನ್ನ ಮನಸ್ಸು ಬಾಲಯ್ಯನ ಕಡೆಗೇ.

ಇನ್ನೊಂದು ವಿಷಯ. ಸಿನಿಮಾದಲ್ಲಿ ಬರೋ ಆಳಿಯಾರ್ ಅಣೆಕಟ್ಟು ಪೊಳ್ಳಾಚಿ ಹತ್ರ, ಕೊಯಮತ್ತೂರು ಜಿಲ್ಲೇಲೇ ಇರೋದು, ಅಂದ್ರೆ ನಿಮ್ಮ ಸೊಸೆ ಊರ ಕಡೆ. ಅದು ಬಂದಾಗ ಸಿನಿಮಾ ನಿಲ್ಸಿ, ಅಲ್ಲಿ ಏನೇನಿದೆ ಅಂತ ಅವ್ಳ ಹತ್ರಾನೇ ಹೇಳ್ಸಿ, ಅವ್ಳಿಗೆ ಎಷ್ಟು ಕನ್ನಡ ಬರತ್ತೋ ಅಷ್ಟ್ರಲ್ಲೇ ಹೇಳ್ಲಿ, ನಡುವೆ ಯಾರೂ ತಿದ್ದಬೇಡಿ. ದೆವ್ವದ ಕತೆ ಸೀನ್ ಬಂದಾಗ ಮಾತ್ರ ನಿಲ್ಸಬೇಡಿ. ಆಯಿ ಎಲ್ಲಿ ನಕ್ರು ಅಂತ ನಂಗೆ ಬರೆದು ತಿಳಿಸಿ.