ಓದುಗರ ಪ್ರಶ್ನೆ: ತಮ್ಮನನ್ನು ಬಿಟ್ಟುಕೊಡದ ಅಣ್ಣ

ಪ್ರಶ್ನೆ: ಬೇರೊಂದು ದೇಶದ ಅನಾಥಾಲಯದಿಂದ ಒಡಹುಟ್ಟಿದ ಇಬ್ಬರು ಗಂಡುಮಕ್ಕಳನ್ನು ನಾವು ದತ್ತು ಪಡೆದು ಒಂದು ವರ್ಷವಾಗುತ್ತ ಬಂದಿದೆ. ದೊಡ್ಡವನಿಗೆ ಏಳು ವರ್ಷ, ಚಿಕ್ಕವನಿಗೆ ನಾಲ್ಕು. ಚಿಕ್ಕವನು ಬೇಗ ಹೊಂದಿಕೊಂಡ, ಮನೆಗೆ ಬಂದವರೆಲ್ಲರ ತೊಡೆಯೇರಿ ಕೂರುತ್ತಾನೆ. ದೊಡ್ಡವನು ಮಾತ್ರ ತಮ್ಮನನ್ನು ನಮಗೆ ಬಿಟ್ಟುಕೊಡುತ್ತಿಲ್ಲ. ಊಟಕ್ಕೆ ಕೂತರೆ ಮೊದಲು ಅವನ ತಟ್ಟೆ ನೋಡುತ್ತಾನೆ, ರಾತ್ರಿ ಅವನು ಅತ್ತರೆ ನಮಗಿಂತ ಮೊದಲೇ ಎದ್ದಿರುತ್ತಾನೆ, ನಾವು ಗದರಿದರೆ ನಡುವೆ ಬಂದು ನಿಲ್ಲುತ್ತಾನೆ. ದಿಂಬಿನ ಕೆಳಗೆ ತಿಂಡಿ ಬಚ್ಚಿಡುತ್ತಾನೆ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಮಲಗಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಬಂಧುಗಳು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ, ಸದ್ಯಕ್ಕಂತೂ ಬೇಡವೇ ಬೇಡ. ಅನಾಥಾಲಯಗಳಲ್ಲಿ ಸಾಮಾನ್ಯವಾಗಿ ಒಬ್ಬ ಆಯಾಳ ಮೇಲೆ ಹಲವು ಮಕ್ಕಳ ಹೊಣೆ ಇರುತ್ತದೆ, ಪಾಳಿ ಬದಲಾದ ಹಾಗೆ ಮುಖವೂ ಬದಲಾಗುತ್ತದೆ. ಅಂಥ ಕಡೆ ತಮ್ಮನಿಗೆ ದಿನವೂ ಕಾಣುತ್ತಿದ್ದ ಒಂದೇ ಮುಖ ಅಣ್ಣನದಾಗಿದ್ದಿರಬೇಕು. ನಿಮ್ಮ ದೊಡ್ಡ ಮಗ ತೋರುತ್ತಿರುವುದನ್ನು ಹಟವೆಂದು ಎಣಿಸಬೇಡಿ. ದೇಶ, ಮಾತು, ಹಾಸಿಗೆ ಎಲ್ಲವೂ ಕೈಬಿಟ್ಟುಹೋದ ಮೇಲೂ ತಮ್ಮನನ್ನು ಕಾಯುವ ಕೆಲಸವೊಂದು ಅವನ ಪಾಲಿಗೆ ಉಳಿದಿದೆ, ಅದನ್ನು ಅವನು ಚೆನ್ನಾಗಿಯೇ ಮಾಡುತ್ತಿದ್ದಾನೆ. "ಇನ್ನು ನೀನು ಚಿಂತೆ ಮಾಡಬೇಡ, ನಾವಿದ್ದೇವೆ" ಎಂದು ನೀವು ಪ್ರೀತಿಯಿಂದಲೇ ಹೇಳಿದರೂ, ನೌಕರಿಯಿಂದ ತೆಗೆದುಹಾಕಿದ ಆದೇಶದಂತೆ ಅದು ಅವನ ಕಿವಿಗೆ ಬೀಳಬಹುದು.

ಆ ಕೆಲಸವನ್ನು ಕಸಿದುಕೊಳ್ಳುವ ಬದಲು ಅವನ ಕಣ್ಣೆದುರಿಗೇ ನೀವೂ ಮಾಡಿ ತೋರಿಸಿ. ತಮ್ಮ ಅತ್ತಾಗ ಅಣ್ಣ ಎದ್ದು ಬಂದರೆ ಹಿಂದಕ್ಕೆ ಕಳಿಸಬೇಡಿ. "ನನ್ನನ್ನು ಎಬ್ಬಿಸಿದ್ದು ಒಳ್ಳೆಯದಾಯಿತು, ನಾನು ಎತ್ತಿಕೊಳ್ಳುತ್ತೇನೆ, ನೀನೂ ಇಲ್ಲೇ ಕೂತಿರು" ಎನ್ನಿ. ತಮ್ಮನನ್ನು ಸಮಾಧಾನಪಡಿಸುತ್ತಿದ್ದವನು ಹೀಗೆ ದೊಡ್ಡವರಿಗೆ ಸುದ್ದಿ ಮುಟ್ಟಿಸುವವನಾಗುತ್ತಾನೆ, ಸುದ್ದಿ ಮುಟ್ಟಿಸಿದಾಗಲೆಲ್ಲ ದೊಡ್ಡವರು ಬಂದೇ ಬರುತ್ತಾರೆಂಬುದು ಹಲವು ರಾತ್ರಿಗಳ ಅನುಭವದಿಂದ ಅವನಿಗೆ ಖಚಿತವಾದರೆ, ತಾನಾಗಿಯೇ ನಿದ್ದೆ ಮಾಡತೊಡಗುತ್ತಾನೆ. ತಮ್ಮನಿಗೆ ಯಾವುದು ಇಷ್ಟ, ಹೇಗೆ ತಟ್ಟಿದರೆ ಮಲಗುತ್ತಾನೆ ಎಂಬುದನ್ನೆಲ್ಲ ಅವನನ್ನೇ ಕೇಳಿ, ಅವನಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ. ಆದರೆ ಒಂದು ಎಚ್ಚರಿಕೆಯಿರಲಿ: ಚಿಕ್ಕವನು ಊಟಕ್ಕೆ ಹಟ ಮಾಡಿದಾಗ "ನೀನೇ ಸ್ವಲ್ಪ ಹೇಳಪ್ಪ" ಎಂದು ದೊಡ್ಡವನ ನೆರವು ಪಡೆಯುವುದು ಬಹಳ ಸುಲಭ. ಬಹಳಷ್ಟು ತಂದೆತಾಯಂದಿರು ಹಾಗೆ ಮಾಡುತ್ತಲೇ ಅವನು ಏಕೆ ಮಗುವಾಗಿ ಆಡುತ್ತಿಲ್ಲ ಎಂದು ಕೊರಗುತ್ತಾರೆ.

ಬಚ್ಚಿಟ್ಟ ತಿಂಡಿಯ ಬಗ್ಗೆ ವಿಚಾರಣೆ ಬೇಡ. ಅವನದೇ ಆದ ಒಂದು ಮುಚ್ಚಳದ ಡಬ್ಬಿ ಕೊಡಿ, ಅದು ಎಂದೂ ಖಾಲಿಯಾಗದಂತೆ ನೋಡಿಕೊಳ್ಳಿ.

ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಯೋಚನೆ ಹುಟ್ಟಿಸಿದವನು ಚಿಕ್ಕವನು. 1989ರಲ್ಲಿ ರೊಮೇನಿಯಾದ ಸರ್ವಾಧಿಕಾರ ಕುಸಿದ ಬಳಿಕ ಅಲ್ಲಿನ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮನೋವೈದ್ಯ ಮೈಕೇಲ್ ರಟರ್ ಮತ್ತು ಅವರ ಸಂಗಡಿಗರು ದೊಡ್ಡವರಾಗುವವರೆಗೂ ಗಮನಿಸಿದರು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದ ಮಕ್ಕಳಲ್ಲಿ ಕೆಲವರು, ಎಲ್ಲರೂ ಅಲ್ಲ, ಅಪರಿಚಿತರೊಡನೆಯೂ ಹಿಂದುಮುಂದು ನೋಡದೆ ಹೋಗಿಬಿಡುವ ಸ್ವಭಾವವನ್ನು ಬಹುಕಾಲ ಉಳಿಸಿಕೊಂಡಿದ್ದರು. ನೋಡುವವರಿಗೆ ಅದು ಸಲಿಗೆಯಾಗಿ ಕಾಣುತ್ತದೆ. ಆದ್ದರಿಂದ ಕೆಲವು ತಿಂಗಳ ಕಾಲ ಚಿಕ್ಕವನನ್ನು ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು ನೀವಿಬ್ಬರೇ ಆಗಿರಲಿ. ಬಂಧುಗಳಿಗೆ ಬೇಸರವಾದರೆ ಆಗಲಿ. ಬಿದ್ದು ಪೆಟ್ಟಾದಾಗ ಅವನು ಬೇರೆಯವರನ್ನು ದಾಟಿ ನಿಮ್ಮನ್ನು ಹುಡುಕಿಕೊಂಡು ಬರತೊಡಗಿದರೆ ದಾರಿ ಸರಿಯಾಗಿದೆ ಎಂದು ತಿಳಿಯಿರಿ. ಹಾಗಾಗದಿದ್ದರೆ ದತ್ತುಮಕ್ಕಳೊಡನೆ ಕೆಲಸ ಮಾಡಿದ ಮಕ್ಕಳ ಮನೋತಜ್ಞರನ್ನು ಕಾಣಿ.

ಪ್ರಶ್ನೆ: ನಮ್ಮ ಇಬ್ಬರು ದತ್ತುಪುತ್ರರ ಕಡತದಲ್ಲಿ ಅವರ ತಾಯಿ ತೀರಿಕೊಂಡಿದ್ದಾಳೆ ಎಂದಿದೆ. ಆದರೆ ಈಚೆಗೆ ಹಿರಿಯವನು, ಅಮ್ಮನೇ ನಮ್ಮನ್ನು ಅಲ್ಲಿಗೆ ಕರೆತಂದು ಬಿಟ್ಟಳು, ಮತ್ತೆ ಬರುತ್ತೇನೆ ಎಂದಿದ್ದಳು ಎನ್ನುತ್ತಿದ್ದಾನೆ. ಕಲ್ಪನೆಯಿರಬಹುದೇ? ಅವನನ್ನು ತಿದ್ದಬೇಕೇ?

ಉತ್ತರ: ತಿದ್ದಬೇಡಿ. ಚಿಕ್ಕ ಮಗುವಿನ ನೆನಪು ತಪ್ಪಬಹುದು, ಆದರೆ ಕಾಗದವೂ ತಪ್ಪಬಹುದು. 2025ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸತ್ಯ ಮತ್ತು ಸಮನ್ವಯ ಆಯೋಗವು, ಹಿಂದಿನ ದಶಕಗಳಲ್ಲಿ ಅಲ್ಲಿಂದ ವಿದೇಶಗಳಿಗೆ ದತ್ತು ಹೋದ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ತಂದೆತಾಯಿ ಇದ್ದವರನ್ನೂ ಅನಾಥರೆಂದು ಬರೆದಿದ್ದ, ಒಬ್ಬರ ಗುರುತನ್ನು ಇನ್ನೊಬ್ಬರಿಗೆ ಹಚ್ಚಿದ್ದ ಪ್ರಕರಣಗಳಿದ್ದವು ಎಂದು ಹೇಳಿತು. ನಿಮ್ಮ ಮಕ್ಕಳ ಕಡತವೂ ಹಾಗೆಯೇ ಎಂದು ಇದರಿಂದ ತೀರ್ಮಾನಿಸಲಾಗದು. "ಕಾಗದದಲ್ಲಿ ಹೀಗಿದೆ, ನೀನು ಸುಮ್ಮನಿರು" ಎನ್ನುವ ಅಧಿಕಾರ ಕಾಗದಕ್ಕಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಅವನು ಹೇಳಿದ್ದನ್ನು ಅವನ ಮಾತಿನಲ್ಲೇ, ತಾರೀಖು ಹಾಕಿ ಬರೆದಿಡಿ. ಕೆದಕಿ ಕೇಳಬೇಡಿ, ಏಕೆಂದರೆ ದೊಡ್ಡವರ ಪ್ರಶ್ನೆಗಳು ಮಗುವಿನ ನೆನಪಿನೊಳಗೆ ಸೇರಿಕೊಂಡುಬಿಡುತ್ತವೆ. ಕಡತದ ಮೂಲಭಾಷೆಯ ಪ್ರತಿಯನ್ನು ಹೊರಗಿನ ಒಬ್ಬರಿಂದ ಮತ್ತೊಮ್ಮೆ ಓದಿಸಿ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ನಡೆಯುವ ದತ್ತುಗಳ ಕುರಿತ 1993ರ ಹೇಗ್ ಒಪ್ಪಂದದ 30ನೇ ವಿಧಿಯ ಪ್ರಕಾರ, ತಂದೆತಾಯಿಯ ಗುರುತೂ ಸೇರಿದಂತೆ ಮಗುವಿನ ಮೂಲದ ಮಾಹಿತಿಯನ್ನು ಕಾಪಾಡುವುದು ಒಪ್ಪಂದಕ್ಕೆ ಸೇರಿದ ದೇಶಗಳ ಅಧಿಕಾರಿಗಳ ಹೊಣೆ. ಆ ಮಾಹಿತಿ ಮಗುವಿಗೆ ಎಷ್ಟು ಸಿಗಬೇಕೆಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. ಮಕ್ಕಳು ಬಂದ ದೇಶ ಒಪ್ಪಂದದಲ್ಲಿದ್ದರೆ, ಇಂಥ ದತ್ತುಗಳ ಹೊಣೆ ಹೊತ್ತ ಅಲ್ಲಿನ ಕೇಂದ್ರ ಪ್ರಾಧಿಕಾರಕ್ಕೆ ಪತ್ರ ಬರೆಯಿರಿ. ಜಾಲತಾಣದಲ್ಲಿ ಮಕ್ಕಳ ಚಿತ್ರ ಹಾಕಿ ಹುಡುಕಬೇಡಿ. ಅದು ಅವರ ಬದುಕಿನ ವಿಷಯ, ಊರಿಗೆಲ್ಲ ಹಂಚಬೇಕೇ ಎಂಬುದು ಅವರು ಬೆಳೆದ ಮೇಲೆ ತೀರ್ಮಾನಿಸಬೇಕಾದದ್ದು.

ತಾಯಿ ಬದುಕಿದ್ದರೆ ಮಕ್ಕಳು ನಮ್ಮವರಾಗಿ ಉಳಿಯುವರೇ ಎಂಬ ಹೆದರಿಕೆಯೂ ನಿಮ್ಮಲ್ಲಿ ಇರಬಹುದು, ಇದ್ದರೆ ಅದು ಸಹಜ. ಅದನ್ನು ನೀವಿಬ್ಬರು ಮಾತಾಡಿಕೊಳ್ಳಿ, ಮಗನ ಮುಖದ ಮುಂದೆ ಬೇಡ. ಅವನಿಗೆ "ನೀನು ಹೇಳಿದ್ದನ್ನು ನಾವು ನಂಬುತ್ತೇವೆ, ತಿಳಿಯಲು ಪ್ರಯತ್ನಿಸುತ್ತೇವೆ" ಎಂದರೆ ಸಾಕು, ಹುಡುಕಿಯೇ ಕೊಡುತ್ತೇವೆಂಬ ಭರವಸೆ ಬೇಡ.

ಪ್ರಶ್ನೆ: ನಮ್ಮ ಹುಡುಗರಿಬ್ಬರೂ ಬಂದ ಹೊಸತರಲ್ಲಿ ತಮ್ಮ ಭಾಷೆಯಲ್ಲೇ ಪಿಸುಗುಟ್ಟುತ್ತಿದ್ದರು. ಈಗ ಅದು ನಿಂತೇಹೋಗಿದೆ. ಮರೆತಂತೆಯೇ?

ಉತ್ತರ: ಬಳಸದಿದ್ದರೆ ಈ ವಯಸ್ಸಿನಲ್ಲಿ ಭಾಷೆ ಅಚ್ಚರಿಯಾಗುವಷ್ಟು ಬೇಗ ಮರೆಯುತ್ತದೆ. ಮೂರರಿಂದ ಎಂಟನೇ ವಯಸ್ಸಿನೊಳಗೆ ಫ್ರಾನ್ಸಿಗೆ ದತ್ತು ಬಂದಿದ್ದ ಕೊರಿಯನ್ನರನ್ನು ಅವರು ಬೆಳೆದ ಮೇಲೆ ಪರೀಕ್ಷಿಸಿದ 2003ರ ಅಧ್ಯಯನವೊಂದರಲ್ಲಿ ಅವರು ಕೊರಿಯನ್ ವಾಕ್ಯಗಳನ್ನು ಗುರುತಿಸಲೂ ಆಗಲಿಲ್ಲ. ಆದರೆ ನೆದರ್‌ಲೆಂಡ್ಸ್‌ನಲ್ಲಿ ಬೆಳೆದ ಅಂಥವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊರಿಯನ್ ಉಚ್ಚಾರವನ್ನು ಮತ್ತೆ ಕಲಿಸಿದಾಗ ಅವರು ಆ ಭಾಷೆಯನ್ನು ಎಂದೂ ಕೇಳಿರದವರಿಗಿಂತ ಚೆನ್ನಾಗಿ ಕಲಿತದ್ದು ಕಂಡುಬಂತು. ಹಾಗಾಗಿ ನಿಮ್ಮ ಹುಡುಗರ ಭಾಷೆಯ ಹಾಡು, ಕಥೆಗಳನ್ನು ಮನೆಯಲ್ಲಿ ಕೇಳಿಸುವುದು ವ್ಯರ್ಥವಲ್ಲ. ಮಾತಾಡುವವರು ಯಾರಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ಮಕ್ಕಳು ಹಳೆಯ ಭಾಷೆ ಕಿವಿಗೆ ಬಿದ್ದರೆ ತಮ್ಮನ್ನು ಮರಳಿ ಕಳಿಸಲಿದ್ದಾರೆಂದು ಹೆದರಿಬಿಡುತ್ತಾರೆ. ಅಂಥ ಹೆದರಿಕೆ ಕಂಡರೆ ಒತ್ತಾಯಿಸದೆ ಕೆಲವು ತಿಂಗಳು ನಿಲ್ಲಿಸಿ ಮತ್ತೆ ಪ್ರಯತ್ನಿಸಿ.