ಸ್ಲೇಟ್ ಎಲೆಕ್ಟ್ರಿಕ್ ಪಿಕಪ್‌ನಲ್ಲಿ ಇಷ್ಟೊಂದು ಕಡಿತ ಮಾಡಿದ್ದು ಸರಿಯೇ?

ಬಹುಮಟ್ಟಿಗೆ ಸರಿ. ಅಮೆರಿಕದ ಸ್ಲೇಟ್ ಕಂಪನಿ 2025ರ ಏಪ್ರಿಲ್‌ನಲ್ಲಿ ತೋರಿಸಿದ ಈ ಎರಡು ಸೀಟಿನ ಗಾಡಿಯಲ್ಲಿ ಟಚ್‌ಸ್ಕ್ರೀನ್ ಇಲ್ಲ, ಸ್ಪೀಕರ್ ಇಲ್ಲ, ಕಿಟಕಿ ಕೈಯಿಂದಲೇ ತಿರುಗಿಸಬೇಕು. ಜಾಣತನ ಇರುವುದು ಪೇಂಟ್ ಬಿಟ್ಟಿದ್ದರಲ್ಲಿ. ಹೊರಮೈ ಪ್ಯಾನೆಲ್‌ಗಳು ಬೂದು ಬಣ್ಣದಲ್ಲೇ ಅಚ್ಚಾದ ಪ್ಲಾಸ್ಟಿಕ್. ಕಾರ್ಖಾನೆಗೆ ಪೇಂಟ್ ಶಾಪ್‌ನ ಭಾರೀ ಖರ್ಚು ಉಳಿಯಿತು. ಗೀರು ಬಿದ್ದರೂ ಒಳಗೆ ಅದೇ ಬಣ್ಣ, ತುಕ್ಕಿನ ಮಾತೇ ಇಲ್ಲ. ಬೇರೆ ಬಣ್ಣ ಬೇಕಿದ್ದರೆ ವಿನೈಲ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ರ‍್ಯಾಪ್ ಅಂಟಿಸಿಕೊಳ್ಳಬಹುದು.

ಆಗ ಪ್ರಕಟಿಸಿದ ಲೆಕ್ಕದಂತೆ 52.7 ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಒಂದು ಚಾರ್ಜ್‌ಗೆ ಸುಮಾರು 240 ಕಿ.ಮೀ. ಓಟ (ರೇಂಜ್), ಹೊರುವ ಭಾರ 650 ಕೆಜಿ. ಎಳೆಯುವ ಶಕ್ತಿ ಮಾತ್ರ 450 ಕೆಜಿ. ದೋಣಿ, ದೊಡ್ಡ ಟ್ರೇಲರ್ ಇದ್ದವರು ಇದರ ತಂಟೆಗೆ ಹೋಗಬೇಡಿ. ಚಳಿಯಲ್ಲಿ, ಹೆದ್ದಾರಿ ವೇಗದಲ್ಲಿ ರೇಂಜ್ ಗಣನೀಯವಾಗಿ ಇಳಿಯುತ್ತದೆ, ಆದ್ದರಿಂದ ದಿನದ ಓಟ 150 ಕಿ.ಮೀ. ಮೀರುವವರಿಗೆ 84.3 ಕಿಲೋವ್ಯಾಟ್-ಅವರ್‌ನ ದೊಡ್ಡ ಬ್ಯಾಟರಿಯೇ ಲೇಸು. ಮನೆಯಲ್ಲಿ 240 ವೋಲ್ಟ್ ಲೈನ್ ಹಾಕಿಸಿ: ಅಲ್ಲಿನ ಮಾಮೂಲಿ 120 ವೋಲ್ಟ್ ಪ್ಲಗ್‌ನಲ್ಲಿ ಚಿಕ್ಕ ಬ್ಯಾಟರಿ 20ರಿಂದ 100%ಗೆ ಏರಲು ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ.

ನನ್ನ ತಕರಾರು ಬೆಲೆಯದು. 20,000 ಡಾಲರ್ ಒಳಗೆ ಎಂಬ ಆಸೆ ನಿಂತಿದ್ದು ಎಲೆಕ್ಟ್ರಿಕ್ ಗಾಡಿಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯ ಮೇಲೆ. 2025ರ ಸೆಪ್ಟೆಂಬರ್ 30ಕ್ಕೆ ಅದು ಮುಗಿಯಿತು.